ಒಂದು ಹಂಡೆ ನೀರು

ನೆಂಟರು ಬರುತ್ತಾರೆಂದು ತಿಳಿದ ಕೂಡಲೇ ಬೇರೆ ಊರಿನ ಗೃಹಿಣಿ ಅಡಿಗೆಮನೆಗೆ ಹೋಗಿ ಡಬ್ಬಗಳ ಮುಚ್ಚಳ ತೆಗೆದು ನೋಡುತ್ತಾಳೆ. ಕೋಲಾರದ ಗೃಹಿಣಿ ಅಂಗಳಕ್ಕೆ ಹೋಗಿ ಸಂಪಿನ ಮುಚ್ಚಳ ತೆಗೆದು ನೋಡುತ್ತಾಳೆ. ಬೇಳೆ ಮುಗಿದಿದ್ದರೆ ಪಕ್ಕದ ಮನೆಯಲ್ಲಿ ಕೇಳಬಹುದು. ನೀರು ಮುಗಿದಿದ್ದರೆ ಕೇಳಲಾಗದು. ಕೇಳಿದರೆ ಅವರಿಗೂ ಸಂಕಟ, ನಮಗೂ ಸಂಕಟ. ಬಂದ ನೆಂಟರನ್ನು ಎಷ್ಟು ದಿನ ಇರುತ್ತೀರಿ ಎಂದು ಕೇಳುವುದು ಮರ್ಯಾದೆಯಲ್ಲವೆಂದು ನಮ್ಮಮ್ಮ ಕಲಿಸಿದ್ದಳು. ಕೇಳಿಲ್ಲ. ಆದರೆ ಒಬ್ಬೊಬ್ಬರಿಗೆ ಇಷ್ಟು ಬಕೆಟ್ಟು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೇನೆ. ಶಾಲೆಯಲ್ಲಿ ನಾನು ಹೇಳಿಕೊಡುವುದು ಗಣಿತವಲ್ಲ, ಸಮಾಜ ವಿಜ್ಞಾನ. ಆದರೂ ಈ ಒಂದು ಲೆಕ್ಕದಲ್ಲಿ ಎಂದೂ ತಪ್ಪಿದವಳಲ್ಲ.

2018ರ ದೀಪಾವಳಿಗೆ ಇನ್ನೂ ಎಂಟು ದಿನವಿತ್ತು. ಟೋಕಿಯೋದಲ್ಲಿ ಕೆಲಸದಲ್ಲಿದ್ದ ಮಗಳು ಫೋನು ಮಾಡಿ, "ಅಮ್ಮಾ, ಹಬ್ಬಕ್ಕೆ ಬರುವಾಗ ನನ್ನ ಜೊತೆ ಆಫೀಸಿನ ಸ್ನೇಹಿತೆಯೊಬ್ಬಳು ಬರ್ತಾಳೆ. ಎಂಟು ದಿನ ಇರ್ತಾಳೆ" ಎಂದಳು.

"ಬರಲಿ, ಅದಕ್ಕೇನಂತೆ. ಊಟಕ್ಕೆ ಏನು ಮಾಡೋದು?"

"ಊಟದ ಯೋಚನೆ ಬೇಡ, ಏನು ಕೊಟ್ಟರೂ ತಿಂತಾಳೆ. ಆದ್ರೆ ಅಮ್ಮಾ, ಅವಳದ್ದು ಬೆಟ್ಟದ ಮೇಲಿನ ಬಿಸಿನೀರಿನ ಬುಗ್ಗೆಯ ಊರು. ದಿನಾ ಸಂಜೆ ಕತ್ತಿನ ತನಕ ಬಿಸಿನೀರಲ್ಲಿ ಕೂತು ಬೆಳೆದವಳು."

ಫೋನನ್ನು ಇಟ್ಟವಳೇ ಅಂಗಳಕ್ಕೆ ಹೋಗಿ ಸಂಪಿನ ಮುಚ್ಚಳ ತೆಗೆದೆ. ತಳದಲ್ಲಿ ಮೊಳದಷ್ಟು ನೀರಿತ್ತು.

ಆ ವರ್ಷ ಮಳೆ ಕೈಕೊಟ್ಟಿತ್ತು. ನಮ್ಮ ಬೀದಿಯ ನಲ್ಲಿಗಳಲ್ಲಿ ಹನ್ನೆರಡು ದಿನಕ್ಕೊಮ್ಮೆ ನೀರು ಬರುತ್ತಿತ್ತು. ಅದೂ ರಾತ್ರಿ ಎಷ್ಟು ಹೊತ್ತಿಗೆಂದು ಬಲ್ಲವರಿಲ್ಲ. ನಮ್ಮ ಶಾಲೆಯಲ್ಲಿ ಕರ್ನಾಟಕದ ನದಿಗಳ ಪಾಠ ಮಾಡುತ್ತಿದ್ದಾಗ ಏಳನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಮಿಸ್, ನದಿಗೆ ಎಷ್ಟು ದಿನಕ್ಕೊಂದ್ಸಲ ನೀರು ಬಿಡ್ತಾರೆ?" ಎಂದು ಕೇಳಿದ್ದ. ತರಗತಿಯಲ್ಲಿ ಯಾರೂ ನಗಲಿಲ್ಲ, ನಾನೂ ನಗಲಿಲ್ಲ. ಭೂಪಟದಲ್ಲಿ ನಮ್ಮ ಜಿಲ್ಲೆಯ ಮೇಲೆ ಪಾಲಾರ್, ದಕ್ಷಿಣ ಪಿನಾಕಿನಿ ಎಂದು ಎರಡು ನೀಲಿ ಗೆರೆಗಳಿವೆ. ಆ ಮಕ್ಕಳು ಆ ಜಾಗಗಳಲ್ಲಿ ಕಂಡಿದ್ದು ಮರಳು, ಅದಾದ ಮೇಲೆ ಮರಳೂ ಇಲ್ಲದ ಹಳ್ಳ.

ಹಬ್ಬದ ಮುನ್ನಾ ಭಾನುವಾರ ನಮ್ಮವರು ವಿಮಾನ ನಿಲ್ದಾಣಕ್ಕೆ ಹೋಗಿ ಇಬ್ಬರನ್ನೂ ಕರೆತಂದರು. ನಾನು ಮೊದಲೇ ಟ್ಯಾಂಕರಿನವನಿಗೆ ಹೇಳಿ ಸಂಪು ತುಂಬಿಸಿ, ಡ್ರಮ್ಮು, ಬಿಂದಿಗೆ, ಕುಕ್ಕರ್ ಸಮೇತ ತುಂಬಿಸಿಟ್ಟಿದ್ದೆ. ಹುಡುಗಿ ಬಂದವಳೇ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಅದನ್ನು ಜೋಡಿಸಿಟ್ಟು, ಸೊಂಟ ಬಗ್ಗಿಸಿ ನಮಸ್ಕರಿಸಿದಳು. ಎಂಬತ್ತೆರಡರ ನಮ್ಮತ್ತೆ ಆ ಕ್ಷಣದಲ್ಲೇ ಅವಳಿಗೆ ಒಲಿದುಬಿಟ್ಟರು. ಹೆಸರು ನಾಲಿಗೆಗೆ ಹೊರಳದೆ "ಜಪಾನಮ್ಮ" ಎಂದು ಕರೆದರು. ಆ ಹುಡುಗಿ ಅದಕ್ಕೇ ಓಗೊಟ್ಟಳು.

ದಾರಿಯಲ್ಲಿ ಏನು ನೋಡಿದಳೆಂದು ಕೇಳಿದೆ. ನರಸಾಪುರದ ಕಡೆ ನೀರು ನಿಂತ ಕೆರೆ ಕಂಡಳಂತೆ, ಬಹಳ ಚೆನ್ನಾಗಿತ್ತಂತೆ. ನನಗೆ ಪೇಚಿಗಿಟ್ಟುಕೊಂಡಿತು. ಆ ವರ್ಷದ ಜೂನಿನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಮೊದಲು ಲಕ್ಷ್ಮೀಸಾಗರದ ಕೆರೆಗೆ ಬಂದು, ಅಲ್ಲಿಂದ ಒಂದೊಂದೇ ಕೆರೆಗೆ ಇಳಿಯುತ್ತಿತ್ತು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಜಿಲ್ಲೆಯ 126 ಕೆರೆಗಳಿಗೆ ತುಂಬಿಸುವ ಯೋಜನೆ ಅದು. ಕುಡಿಯುವುದಕ್ಕಲ್ಲ, ಅಂತರ್ಜಲ ಏರಲಿ ಎಂದು. ಆ ನೀರಿನ ಬಗ್ಗೆ ಆಗ ಊರಲ್ಲೆಲ್ಲ ಚರ್ಚೆ, ಕೋರ್ಟಿನಲ್ಲೂ ವ್ಯಾಜ್ಯ. "ಅದು ಬೆಂಗಳೂರಿನವರು ಮಿಂದ ನೀರು ಅಂತ ಹೇಳ್ಬೇಡ" ಎಂದು ಮಗಳಿಗೆ ಕನ್ನಡದಲ್ಲಿ ಹೇಳಿದೆ. ಅವಳು ಆಗಲೇ ಹೇಳಿಬಿಟ್ಟಿದ್ದಳು. ಜಪಾನಮ್ಮ ನಗುತ್ತಾ, ನಮ್ಮ ಮನೆಯಲ್ಲೂ ಒಂದೇ ತೊಟ್ಟಿಯ ನೀರಿನಲ್ಲಿ ಅಪ್ಪ, ಅಮ್ಮ, ನಾನು, ತಮ್ಮ ಒಬ್ಬರಾದ ಮೇಲೊಬ್ಬರು ಕೂರುತ್ತೇವೆ ಎಂದಳು. ಮೈಯನ್ನು ಹೊರಗೇ ತೊಳೆದುಕೊಂಡು ಆಮೇಲೆ ತೊಟ್ಟಿಗೆ ಇಳಿಯುವುದಂತೆ, ನೀರು ಕೊಳೆಯಾಗುವುದಿಲ್ಲವಂತೆ. ಅತ್ತೆ ಮಾತ್ರ "ಎಂಜಲು ನೀರಮ್ಮಾ" ಎಂದು ಮುಖ ಕಿವುಚಿದರು.

ರಾತ್ರಿ ಮುದ್ದೆ, ಸೊಪ್ಪಿನ ಸಾರು ಊಟವಾದ ಮೇಲೆ ಮೊಬೈಲಿನಲ್ಲಿ ತನ್ನ ಊರಿನ ಚಿತ್ರಗಳನ್ನು ತೋರಿಸಿದಳು. ಊರಿನ ಹೆಸರು ನೊಜಾವಾ ಓನ್ಸೆನ್. ಓನ್ಸೆನ್ ಎಂದರೆ ಬಿಸಿನೀರಿನ ಬುಗ್ಗೆ. ನಾಗಾನೊ ಎಂಬ ಪ್ರಾಂತ್ಯದ ಬೆಟ್ಟದ ತಪ್ಪಲಲ್ಲಿದೆ. ಟೋಕಿಯೋದಿಂದ ಬುಲೆಟ್ ರೈಲಿನಲ್ಲಿ ಈಯಾಮಾ ಎಂಬಲ್ಲಿಗೆ ಹೋಗಿ ಅಲ್ಲಿಂದ ಬಸ್ಸು ಹತ್ತಬೇಕು. ಚಳಿಗಾಲದಲ್ಲಿ ಆಳೆತ್ತರಕ್ಕೆ ಹಿಮ. ಆ ಹಿಮದ ನಡುವೆ ಇಳಿಜಾರಿನ ಕಿರಿದಾದ ಬೀದಿಗಳು, ಬೀದಿಯ ಚರಂಡಿಯಿಂದಲೂ ಹಬೆ ಏಳುತ್ತದೆ. ಎಂಟನೆಯ ಶತಮಾನದಲ್ಲಿ ಗ್ಯೋಕಿ ಎಂಬ ಬೌದ್ಧ ಭಿಕ್ಷು ಈ ಬುಗ್ಗೆಯನ್ನು ಕಂಡನೆಂದು ಒಂದು ಐತಿಹ್ಯ. ಗಾಯಗೊಂಡ ಕರಡಿಯೊಂದು ಹೋಗಿ ಮಿಂದು ವಾಸಿಯಾದದ್ದನ್ನು ಬೇಟೆಗಾರ ಕಂಡನೆಂದು ಇನ್ನೊಂದು. ಊರೊಳಗೆ ಹದಿಮೂರು ಸಾರ್ವಜನಿಕ ಸ್ನಾನದ ಮನೆಗಳಿವೆ. ನಡುವಿನ ದೊಡ್ಡ ಮನೆಗೆ ಔಷಧಿಯ ಬುದ್ಧನೇ ಕಾವಲು, ಉಳಿದ ಹನ್ನೆರಡಕ್ಕೆ ಅವನ ಹನ್ನೆರಡು ಸೇನಾಪತಿಗಳು ಕಾವಲು. ಯಾರು ಬೇಕಾದರೂ ಹೋಗಿ ಮೀಯಬಹುದು. ಟಿಕೆಟ್ಟಿಲ್ಲ, ಬಾಗಿಲಲ್ಲಿ ಒಂದು ಹುಂಡಿ ಇದೆ ಅಷ್ಟೆ.

"ಬಟ್ಟೆ ಉಟ್ಕೊಂಡು ತಾನೇ?" ಎಂದು ಅತ್ತೆ ಕೇಳಿದರು.

ಮಗಳು ತಲೆ ಅಲ್ಲಾಡಿಸಿದಳು. "ಇಲ್ಲ ಅಜ್ಜಿ. ಆದ್ರೆ ಹೆಂಗಸರಿಗೇ ಬೇರೆ, ಗಂಡಸರಿಗೇ ಬೇರೆ."

"ಅಯ್ಯೋ ಶಿವನೇ! ಅತ್ತೆ, ಸೊಸೆ, ನಾದಿನಿ ಎಲ್ಲಾರೂ ಒಂದೇ ಕಡೆ ಬತ್ತಲೆ ಕೂತ್ರೆ ಆಮೇಲೆ ಜಗಳ ಆಡೋದು ಹೆಂಗಮ್ಮಾ?" ಎಂದರು ಅತ್ತೆ. ಮಗಳು ಅದನ್ನು ಜಪಾನೀ ಭಾಷೆಗೆ ತಿರುಗಿಸಿದಾಗ ಆ ಹುಡುಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಮರುದಿನ ನೀರು ತುಂಬುವ ಹಬ್ಬ. ಹಿತ್ತಲ ಬಚ್ಚಲಿನಲ್ಲಿ ನಮ್ಮತ್ತೆಯ ಕಾಲದ ತಾಮ್ರದ ಹಂಡೆ ಒಲೆಯ ಮೇಲೆ ಹಾಗೆಯೇ ಇದೆ. ವರ್ಷವೆಲ್ಲ ಮೂಲೆಯಲ್ಲಿ ಕೂತ ಮುದುಕಿಯಂತಿದ್ದು ಆ ಒಂದು ದಿನ ಮದುವಣಗಿತ್ತಿಯಾಗುತ್ತದೆ. ಹುಣಿಸೇಹಣ್ಣು ಹಾಕಿ ಉಜ್ಜಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕುತ್ತಿಗೆಗೆ ಹೂವು ಕಟ್ಟಿ, ಗಂಗೆ ಎಂದು ಪೂಜಿಸಿ ನೀರು ತುಂಬಿದೆವು. ಬಾವಿಯಿಂದ ಸೇದಿ ತುಂಬುತ್ತಿದ್ದ ಹಂಡೆ. ಬಾವಿ ಬತ್ತಿ ಅದಕ್ಕೆ ಚಪ್ಪಡಿ ಹಾಕಿ ಇಪ್ಪತ್ತು ವರ್ಷ ದಾಟಿದೆ. ಟ್ಯಾಂಕರಿನ ನೀರನ್ನು ಪ್ಲಾಸ್ಟಿಕ್ ಕೊಡದಲ್ಲಿ ತಂದು ಸುರಿಯುವಾಗ, ಗಂಗೆಗೆ ಐನೂರು ರೂಪಾಯಿ ಕೊಟ್ಟಿದ್ದೇನೆಂಬುದು ನನ್ನ ಮನಸ್ಸಿನಿಂದ ಹೋಗಲೇ ಇಲ್ಲ.

ನರಕ ಚತುರ್ದಶಿಯ ಬೆಳಗಿನ ಜಾವ ಅತ್ತೆಯೇ ಆ ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ, ಹರಳೆಣ್ಣೆ ಕೊಬ್ಬರಿ ಎಣ್ಣೆ ಬೆರೆಸಿ ನೆತ್ತಿಗೆ ತಟ್ಟಿ, ಕೈಕಾಲಿಗೆಲ್ಲ ತೀಡಿದರು. "ಎಷ್ಟು ನೀರು ಬೇಕಾದ್ರೂ ಹುಯ್ಕೊ ಅಂತ ಹೇಳು" ಎಂದು ಮಗಳಿಗೆ ಮೂರು ಸಲ ಹೇಳಿದೆ. ಕತ್ತಿನವರೆಗೆ ಕೂರುವಷ್ಟು ನಮ್ಮಲ್ಲಿಲ್ಲ, ಹಂಡೆ ಖಾಲಿಯಾದರೂ ಸರಿ, ಅವಳಿಗೆ ಕೊರತೆಯಾಗಬಾರದು. ಬಚ್ಚಲ ಬಾಗಿಲು ಹಾಕಿಕೊಂಡವಳು ಕಾಲು ಗಂಟೆಗೆಲ್ಲ ಕೆಂಪಗಾಗಿ ಹೊರಗೆ ಬಂದಳು. ಹೋಗಿ ನೋಡುತ್ತೇನೆ, ಹಂಡೆಯಲ್ಲಿ ಮುಕ್ಕಾಲು ಪಾಲು ನೀರು ಹಾಗೇ ಇದೆ. ಮಣೆ ತೊಳೆದು ಗೋಡೆಗೆ ಒರಗಿಸಿದ್ದಾಳೆ, ಚೊಂಬು ಬೋರಲು ಹಾಕಿದ್ದಾಳೆ, ಬಿದ್ದ ಸೀಗೇಪುಡಿಯನ್ನೂ ಬಳಿದಿಟ್ಟಿದ್ದಾಳೆ.

ಯಾಕಮ್ಮಾ, ನೀರು ಬೆಚ್ಚಗಿರಲಿಲ್ಲವೇ ಎಂದು ಕೇಳಿಸಿದೆ. ಅವಳು ಹೇಳಿದ್ದಿಷ್ಟು: ನಮ್ಮೂರಲ್ಲೂ ಹೀಗೆಯೇ ಪುಟ್ಟ ಮಣೆಯ ಮೇಲೆ ಕೂತು, ಪುಟ್ಟ ಪಾತ್ರೆಯಲ್ಲಿ ಮೊಗೆದು ಮೈ ತೊಳೆಯುತ್ತೇವೆ. ಅದು ಮುಗಿದ ಮೇಲೆಯೇ ಎಲ್ಲರೂ ಕೂರುವ ಕೊಳಕ್ಕಿಳಿಯುವುದು. ಕೊಳ ಇಲ್ಲದಿದ್ದರೂ ಉಳಿದದ್ದೆಲ್ಲ ನಮ್ಮ ಮನೆಯ ಹಾಗೇ ಇತ್ತು. ಹಿಂದೆ ಬರುವವರಿಗೆ ಬಿಟ್ಟು ಮೀಯಬೇಕೆಂದು ನಮ್ಮಜ್ಜಿ ಕಲಿಸಿದ್ದಾಳೆ.

ನಮ್ಮಜ್ಜಿಯೂ ಅದನ್ನೇ ಕಲಿಸಿದ್ದಳು. ನಾನದನ್ನು ಬರಿಯ ಬಡತನದ ಮಾತೆಂದುಕೊಂಡಿದ್ದೆ. ನಿಮಿಷಕ್ಕೆ ಸಾವಿರಗಟ್ಟಲೆ ಲೀಟರು ಬಿಸಿನೀರು ಉಕ್ಕುವ ಊರಿನಲ್ಲೂ ಅಜ್ಜಿಯರು ಅದನ್ನು ಹೇಳುತ್ತಾರೆಂದರೆ, ಅದು ಇಲ್ಲದವರ ಮಾತಲ್ಲ, ಇರುವವರ ಮಾತು.

ಹಬ್ಬ ಮುಗಿದ ಮೇಲೆ ಕೋಲಾರಮ್ಮನ ಗುಡಿ, ಸೋಮೇಶ್ವರನ ಗುಡಿಗಳನ್ನು ತೋರಿಸಿದೆ. ತಲಕಾಡಿಗೆ ಹೋಗುವ ಮೊದಲು ಗಂಗರು ಆಳಿದ್ದು ಈ ಕುವಲಾಲದಿಂದಲೇ ಎಂದು ಇತಿಹಾಸ ಹೇಳಿದೆ. ಅವಳು ಎಲ್ಲಕ್ಕೂ ಬಗ್ಗಿ ಬಗ್ಗಿ ನಮಸ್ಕರಿಸಿದಳು. ಆದರೆ ಅವಳ ಮನಸ್ಸಿದ್ದದ್ದು ಊರಿನ ಬೆನ್ನಿಗಿರುವ ಶತಶೃಂಗ ಪರ್ವತದ ಮೇಲೆ, ಅಲ್ಲಿನ ಅಂತರಗಂಗೆಯ ಮೇಲೆ. ಬೆಟ್ಟದಿಂದ ತಾನಾಗಿ ಬರುವ ನೀರು ನಮ್ಮೂರಲ್ಲೂ ಇದೆಯೆಂದು ಮಗಳು ಅವಳಿಗೆ ಟೋಕಿಯೋದಲ್ಲೇ ಕೊಚ್ಚಿಕೊಂಡಿದ್ದಳಂತೆ.

ನವೆಂಬರ್ 12, ಮೊದಲ ಕಾರ್ತಿಕ ಸೋಮವಾರ. ಒಂದು ದಿನದ ಸಾಂದರ್ಭಿಕ ರಜೆ ಹಾಕಿ ಹೊರಟೆ. ಬೆಳಿಗ್ಗೆ ಏಳಕ್ಕೇ ಮೆಟ್ಟಿಲ ತುಂಬ ಜನ. ನನ್ನ ಮಂಡಿಗಳು ಪ್ರತಿ ಮೆಟ್ಟಿಲಿಗೂ ಒಂದೊಂದು ದೂರು ಸಲ್ಲಿಸುತ್ತಿದ್ದವು. ದಾರಿಯುದ್ದಕ್ಕೂ ಕೋತಿಗಳು. ನನ್ನ ಕೈಯ ಬಾಳೆಹಣ್ಣನ್ನು ಒಂದು ಕೋತಿ ರಸೀದಿ ಇಲ್ಲದೆ ವಸೂಲಿ ಮಾಡಿಕೊಂಡು ಹೋಯಿತು. ಆನೆಯಷ್ಟು, ಮನೆಯಷ್ಟು ದೊಡ್ಡ ಬಂಡೆಗಳು ಒಂದರ ಮೇಲೊಂದು ಈಗ ಉರುಳಿಯಾವೋ ಆಗ ಉರುಳಿಯಾವೋ ಎಂಬಂತೆ ಕೂತಿವೆ. ಆ ಬಂಡೆಗಳ ನೆರಳಲ್ಲಿ ಕಾಶಿ ವಿಶ್ವೇಶ್ವರನ ಗುಡಿ, ಗುಡಿಯ ಮುಂದೆ ಕಲ್ಯಾಣಿ, ಕಲ್ಯಾಣಿಗೆ ಬೀಳುವಂತೆ ಕಲ್ಲಿನ ಬಸವನ ಬಾಯಿಂದ ಹೆಬ್ಬೆರಳ ಗಾತ್ರದ ನೀರು. ಬರಗಾಲವಿರಲಿ, ಸುಗ್ಗಿ ಇರಲಿ, ನನ್ನ ನೆನಪಿನಲ್ಲಿ ಆ ಬಸವನ ಬಾಯಿ ಒಣಗಿದ್ದಿಲ್ಲ. ಕಾಶಿಯ ಗಂಗೆ ನೆಲದೊಳಗಿಂದ ಹರಿದು ಇಲ್ಲಿ ಹೊರಬಿದ್ದಿದ್ದಾಳೆಂದು ಹಿರಿಯರ ನಂಬಿಕೆ. ನಾನು ಮಕ್ಕಳಿಗೆ, ಬೆಟ್ಟದ ಮೇಲೆ ಬಿದ್ದ ಮಳೆ ಬಂಡೆಯ ಬಿರುಕುಗಳಲ್ಲಿ ಇಂಗಿ ತಡೆದು ತಡೆದು ಇಲ್ಲಿಗೆ ಇಳಿಯುತ್ತದೆ ಎಂದು ಹೇಳುತ್ತೇನೆ. ಹೇಳಿ ಮನೆಗೆ ಬಂದು ಆ ನೀರನ್ನು ತೀರ್ಥವೆಂದೇ ಕಣ್ಣಿಗೊತ್ತಿಕೊಳ್ಳುತ್ತೇನೆ. ಎರಡರಲ್ಲಿ ಯಾವುದೂ ಸುಳ್ಳೆಂದು ನನಗನ್ನಿಸಿಲ್ಲ.

ಜಪಾನಮ್ಮ ಬಸವನ ಬಾಯಿಗೆ ಕೈಯೊಡ್ಡಿ "ತಣ್ಣಗಿದೆ!" ಎಂದು ಬೆಚ್ಚಿದಳು. ನಿಮ್ಮ ಬೆಟ್ಟಗಳ ಹೊಟ್ಟೆಯಲ್ಲಿ ಬೆಂಕಿ ಇನ್ನೂ ಇದೆ, ನಮ್ಮ ಬೆಟ್ಟ ತೀರಾ ಮುದುಕಿ, ಆರಿ ಕೋಟಿಗಟ್ಟಲೆ ವರ್ಷವಾಗಿದೆ ಎಂದೆ. ನಮ್ಮ ರಾಜ್ಯದಲ್ಲೂ ಪುತ್ತೂರಿನ ಹತ್ತಿರ ಇರ್ದೆಯಲ್ಲಿ ಬೆಂದ್ರು ತೀರ್ಥವೆಂಬ ಬಿಸಿನೀರ ಬುಗ್ಗೆ ಉಂಟೆಂದೂ ಸೇರಿಸಿದೆ, ಊರಿನ ಮಾನ ಹೋಗಬಾರದಲ್ಲ.

ಬೊಗಸೆಯಲ್ಲಿ ಹಿಡಿದು ಕುಡಿದಳು. ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಸುತ್ತ ನೋಡಿದಳು. ಕ್ಯಾನು ಹಿಡಿದು ಸಾಲು ನಿಂತವರು, ತಲೆಯೊಡ್ಡಿದವರು, ಶಾಂಪೂ ಚೀಟಿ ಹರಿದು ಅಲ್ಲೇ ಎಸೆದವರು, ಎಣ್ಣೆಯ ಹಣತೆಗಳು, ಬಾಳೆಹಣ್ಣಿನ ಸಿಪ್ಪೆಗಳು. ಆಮೇಲೆ ಮೆತ್ತಗೆ ಒಂದು ಪ್ರಶ್ನೆ ಕೇಳಿದಳು: "ಇಲ್ಲಿ ನೀರನ್ನು ನೋಡಿಕೊಳ್ಳುವವರು ಯಾರು?"

ಗುಡಿಯನ್ನು ನೋಡಿಕೊಳ್ಳುವವರಿದ್ದಾರೆ, ಕಾಡನ್ನು ನೋಡಿಕೊಳ್ಳುವವರಿದ್ದಾರೆ. ನೀರನ್ನು? ಪಕ್ಕದಲ್ಲಿ ಕ್ಯಾನು ತುಂಬಿಸುತ್ತಿದ್ದ ಹೆಂಗಸನ್ನು ಕೇಳಿದೆ. "ದೇವ್ರೇ ನೋಡ್ಕೊತಾನಲ್ಲಮ್ಮಾ, ಇನ್ಯಾರು" ಎಂದಳು.

ಆಗ ಅವಳು ತನ್ನೂರಿನ ಯು-ನಾಕಾಮಾದ ವಿಷಯ ಹೇಳಿದಳು. ಯು ಎಂದರೆ ಬಿಸಿನೀರು, ನಾಕಾಮಾ ಎಂದರೆ ಜೊತೆಗಾರರು. ಒಂದೊಂದು ಸ್ನಾನದ ಮನೆಗೂ ಸುತ್ತಲಿನ ಮನೆಗಳವರ ಒಂದೊಂದು ಕೂಟ. ಸರದಿಯಂತೆ ಕೊಳ ತೊಳೆಯುವುದು, ದೀಪದ ಖರ್ಚು ಹಾಕುವುದು, ಹುಂಡಿಯ ಕಾಸು ಎಣಿಸುವುದು ಎಲ್ಲ ಅವರದೇ. ಸರ್ಕಾರವಲ್ಲ, ಸಂಬಳವಿಲ್ಲ. ಓಗಾಮಾ ಎಂಬ ಒಂದು ಬುಗ್ಗೆಯಲ್ಲಿ ನೀರು 90 ಡಿಗ್ರಿಯಷ್ಟು ಕುದಿಯುತ್ತದೆ. ಅಲ್ಲಿ ಊರ ಹೆಂಗಸರು ಸೊಪ್ಪು, ಮೊಟ್ಟೆ ಬೇಯಿಸಿಕೊಳ್ಳುತ್ತಾರೆ, ಪ್ರವಾಸಿಗರು ಒಳಗೆ ಕಾಲಿಡುವಂತಿಲ್ಲ. ನವೆಂಬರಿನಲ್ಲಿ ನೊಜಾವಾನಾ ಎಂಬ ಸೊಪ್ಪನ್ನು ರಾಶಿ ರಾಶಿ ತಂದು ಬುಗ್ಗೆಯ ನೀರಿನಲ್ಲಿ ತೊಳೆದು ಚಳಿಗಾಲಕ್ಕೆ ಉಪ್ಪಿನಕಾಯಿ ಹಾಕುತ್ತಾರೆ. ಈಗ ಅಮ್ಮ ಅಲ್ಲೇ ನೆರೆಹೊರೆಯವರ ಜೊತೆ ಮೊಣಕೈವರೆಗೆ ನೀರಲ್ಲಿ ಮುಳುಗಿಸಿ ಕೂತಿರುತ್ತಾಳೆ, ಈ ತಿಂಗಳು ತೊಳೆಯುವ ಸರದಿ ನಮ್ಮ ಮನೆಯದು ಎಂದಳು. "ನಿಮ್ಮಲ್ಲಿ ನೀರಿನ ಜೊತೆಗಾರರು ಇರಲಿಲ್ಲವೇ?"

ಇರಲಿಲ್ಲ ಎನ್ನಲು ಬಾಯಿ ತೆರೆದವಳು ನಿಲ್ಲಿಸಿದೆ. ಯಾಕೆಂದರೆ ಇದ್ದರು.

ಮಾರನೆಯ ದಿನ ನನ್ನ ತವರಿಗೆ ಹೋಗುವುದೆಂದು ಗೊತ್ತಾಗಿತ್ತು. ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ ಅದು. ಎರಡೂ ಕಡೆ ಮಾವಿನ ತೋಪುಗಳು, ನಡುನಡುವೆ ನೀಲಗಿರಿ. ಊರ ಕೆರೆಯ ಏರಿಯ ಮೇಲೆ ಕಾರು ನಿಲ್ಲಿಸಿ ತೋರಿಸಿದೆ. ಕೆರೆಯಂಗಳದಲ್ಲಿ ಜಾಲಿ ಬೆಳೆದು ಕುರಿ ಮೇಯುತ್ತಿದ್ದವು. ತೂಬಿನ ಎರಡು ಕಲ್ಲುಕಂಬಗಳು ಮುಳ್ಳಿನ ನಡುವೆ ತಲೆಯೆತ್ತಿ ನಿಂತಿದ್ದವು.

ನಮ್ಮ ಸೀಮೆಯ ಕೆರೆಗಳಿಗೆಲ್ಲ ನೀರುಗಂಟಿ ಎಂದು ಒಬ್ಬರು ಇರುತ್ತಿದ್ದರು. ತೂಬು ಎತ್ತುವವರು ಅವರೇ. ಯಾವ ಗದ್ದೆಗೆ ಎಷ್ಟು ಹೊತ್ತು, ಕೆರೆ ಅರ್ಧವಿದ್ದರೆ ಯಾರಿಗೆ ಎಷ್ಟು, ಎಲ್ಲ ಅವರ ಬಾಯಲ್ಲೇ. ಮಳೆಗಾಲದ ರಾತ್ರಿ ಕಂಬಳಿ ಹೊದ್ದು ಏರಿ ಕಾಯುತ್ತಿದ್ದರು. ಬೇಸಿಗೆಯಲ್ಲಿ ಊರವರನ್ನು ಹೊರಡಿಸಿ ಕಾಲುವೆ ಬಳಿಸುತ್ತಿದ್ದರು. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಅವರಿಗೆ ಆಯದ ಕಾಳು ಹೋಗುತ್ತಿತ್ತು. ನಮ್ಮೂರ ನೀರುಗಂಟಿ ನಮ್ಮಪ್ಪನಿಗಿಂತ ಹಿರಿಯರು. ಆದರೂ ಫ್ರಾಕು ತೊಟ್ಟ ನಾನು ಅವರನ್ನು ಹೋಗೋ ಬಾರೋ ಎಂದೇ ಕರೆಯುತ್ತಿದ್ದೆ. ಯಾರೂ ತಿದ್ದಲಿಲ್ಲ.

ಇದನ್ನೆಲ್ಲ ಮಗಳು ಹೇಳುತ್ತಿದ್ದಂತೆ ಜಪಾನಮ್ಮನ ಮುಖ ಅರಳಿತು. ತನ್ನೂರಿನ ಕಥೆಯೇ ಸಿಕ್ಕಿತಲ್ಲ. "ಹಾಗಾದರೆ ಅವರ ಮನೆಯವರೂ ನೀವೂ ಒಂದೇ ಬಾವಿಯ ನೀರು ಕುಡಿಯುತ್ತಿದ್ದಿರಿ, ಅಲ್ಲವೇ?" ಎಂದಳು.

ಮಗಳು ನನ್ನ ಮುಖ ನೋಡಿದಳು. ಅವಳಿಗೂ ಇದು ಗೊತ್ತಿರಲಿಲ್ಲ, ನಾನೆಂದೂ ಹೇಳಿರಲಿಲ್ಲ. ಊರಿಗೆಲ್ಲ ನೀರು ಹಂಚುತ್ತಿದ್ದ ಆ ಹಿರಿಯರು ಬಾಯಾರಿ ನಮ್ಮ ಬಾಗಿಲಿಗೆ ಬಂದಾಗ ಜಗುಲಿಯ ಕೆಳಗೆ ಬಗ್ಗಿ ಬೊಗಸೆಯೊಡ್ಡುತ್ತಿದ್ದರು. ನಮ್ಮಮ್ಮ ಮೇಲಿನಿಂದ ಚೊಂಬು ಎತ್ತಿ ಹೊಯ್ಯುತ್ತಿದ್ದಳು. ಅಮ್ಮ ಒಳಗೆ ಕೆಲಸದಲ್ಲಿದ್ದಾಗ ಎಷ್ಟೋ ಸಲ ನಾನೇ ಹೊಯ್ದಿದ್ದೇನೆ. ಚೊಂಬು ತಾಕಬಾರದೆಂದು ಎತ್ತರದಿಂದ ಹೊಯ್ಯುವುದನ್ನು ಎಷ್ಟು ಚೆನ್ನಾಗಿ ಕಲಿತಿದ್ದೆನೆಂದರೆ ಒಂದು ಹನಿ ಆಚೀಚೆ ಬೀಳುತ್ತಿರಲಿಲ್ಲ. ಸೇದೋ ಬಾವಿಯ ಹತ್ತಿರ ಅವರ ಮನೆಯ ಹೆಂಗಸರು ಕೊಡ ಇಟ್ಟು ದೂರ ನಿಲ್ಲುತ್ತಿದ್ದರು, ಪುಣ್ಯಾತ್ಮರು ಯಾರಾದರೂ ಬಂದು ಹೊಯ್ಯುವ ತನಕ.

"ಇಲ್ಲ, ಬೇರೆ" ಎಂದಷ್ಟೇ ಹೇಳು ಎಂದೆ. ಅವಳು ಅಷ್ಟನ್ನೇ ಹೇಳಿದಳು. ಆ ಹುಡುಗಿ ಇನ್ನೇನೂ ಕೇಳಲಿಲ್ಲ. ಕೇಳದೆ ಇದ್ದದ್ದು ನನಗೆ ಕೇಳಿದ್ದಕ್ಕಿಂತ ಹೆಚ್ಚಾಯಿತು.

ತಮ್ಮನ ಮನೆಯಲ್ಲಿ ಊಟವಾಯಿತು. ಅವನು ನನ್ನನ್ನು ತೋಪಿನ ಕಡೆಗೆ ಕರೆದ. ವಿಷಯ ನನಗೆ ಗೊತ್ತಿತ್ತು. ಆ ವೇಳೆಗೆ ಆರು ಬೋರು ಹಾಕಿಸಿದ್ದ. ಎರಡಕ್ಕೆ ನಾನೇ ನನ್ನ ಭವಿಷ್ಯನಿಧಿಯಿಂದ ಸಾಲ ತೆಗೆದು ಕೊಟ್ಟಿದ್ದೆ. ಸಾವಿರ ಅಡಿಗೆ ಹೋದರೂ ಬಂದ ನೀರು ಒಂದು ವರ್ಷ ಬಾಳುತ್ತಿರಲಿಲ್ಲ. ಬಂದ ನೀರಲ್ಲೂ ಫ್ಲೋರೈಡು. ನನ್ನ ತರಗತಿಯ ಎಷ್ಟೋ ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆಗಳು ಆ ನೀರು ಬರೆದದ್ದೇ. ಈಗ ಏಳನೆಯದಕ್ಕೆ ಮೂರು ಲಕ್ಷ ಬೇಕಾಗಿತ್ತು.

"ಆ ಹುಡುಗಿ ಊರಾಗೆ ಬೋರು ಹಾಕ್ಸಲ್ವಾ?" ಎಂದು ಕೇಳಿದ. ದಾರಿಯಲ್ಲಿ ನಾನೂ ಅದನ್ನೇ ಕೇಳಿದ್ದೆ. ಜಪಾನಿನಲ್ಲಿ 1948ರಿಂದ ಬುಗ್ಗೆಗಳಿಗೆಂದೇ ಕಾನೂನಿದೆ, ಬಿಸಿನೀರಿಗೆಂದು ನೆಲ ಕೊರೆಯಬೇಕಾದರೆ ಪ್ರಾಂತ್ಯದ ಗವರ್ನರರ ಅಪ್ಪಣೆ ಬೇಕು, ಈಗಿರುವ ಬುಗ್ಗೆಗೆ ತೊಂದರೆಯಾಗುವಂತಿದ್ದರೆ ಅಪ್ಪಣೆ ಸಿಕ್ಕುವುದಿಲ್ಲ ಎಂದೆ.

ತಮ್ಮ ನಕ್ಕ. "ನಮ್ಮಲ್ಲೂ ಐತಲ್ಲಕ್ಕ, 2011ರ ಕಾನೂನು. ಅದಕ್ಕೇ ಲಾರಿ ರಾತ್ರಿ ಬರ್ತದೆ."

ಸಿಟ್ಟು ಬರಬೇಕಾಗಿತ್ತು. ಆದರೆ ಅವನ ಕಣ್ಣ ಕೆಳಗಿನ ಕಪ್ಪು ನೋಡಿ ಸಂಕಟವಾಯಿತು. ತೋಪು ಒಣಗಿದರೆ ಅವನಿಗೆ ಇನ್ನೊಂದು ಕಸುಬು ಗೊತ್ತಿಲ್ಲ. ಆದರೂ ಆ ದಿನ ನನಗೆ ಒಂದು ವಿಷಯ ಸ್ಪಷ್ಟವಾಗಿತ್ತು. ಒಂದು ಕಾಲಕ್ಕೆ ಕೆರೆ ಎಲ್ಲರದಾಗಿತ್ತು, ಬಾವಿ ಮಾತ್ರ ಬೇರೆ ಬೇರೆ. ಈಗ ಒಬ್ಬೊಬ್ಬರದು ಒಂದೊಂದು ಬೋರು. ಕೊಡಕ್ಕೆ ಗೋಡೆ ಕಟ್ಟಿದವರೇ ಆಮೇಲೆ ಪಾತಾಳಕ್ಕೂ ಬೇಲಿ ಹಾಕಲು ಹೊರಟೆವು. ಪಾತಾಳಕ್ಕೆ ಬೇಲಿ ನಿಲ್ಲುವುದಿಲ್ಲ. ಜಿಲ್ಲೆಯ ಎಲ್ಲ ತಾಲ್ಲೂಕುಗಳೂ ಅತಿಬಳಕೆಯ ಪಟ್ಟಿಗೆ ಸೇರಿದ್ದು ಹೀಗೆ.

"ಬೋರಿಗೆ ಕೊಡಲ್ಲ ಕಣೋ. ಬೇಕಾದ್ರೆ ಹೊಂಡ ತೆಗೆಸು, ಕೊಡ್ತೀನಿ" ಎಂದೆ.

"ಮಳೆನೇ ಇಲ್ಲ, ಹೊಂಡದಾಗೆ ಏನು ತುಂಬ್ಲಿ? ತವರಿನ ಋಣ ಇಷ್ಟೇ ಅನ್ನು" ಎಂದವನು ತಿರುಗಿ ನೋಡದೆ ಹೋದ. ನಾದಿನಿ ಕೊಟ್ಟ ಅರಿಶಿನ ಕುಂಕುಮ ತೆಗೆದುಕೊಂಡು ಕಾರು ಹತ್ತಿದೆ. ಹಿಂದಿನ ಸೀಟಿನಲ್ಲಿ ಆ ಹುಡುಗಿ ನನ್ನ ಕೈ ಹಿಡಿದುಕೊಂಡು ಕೂತಿದ್ದಳು. ಅವಳಿಗೆ ಭಾಷೆ ತಿಳಿಯದಿದ್ದರೂ ಅಕ್ಕತಮ್ಮಂದಿರ ಜಗಳ ತಿಳಿದಿತ್ತು.

ತಮ್ಮ ಕೈಸಾಲ ಮಾಡಿ 2019ರ ಫೆಬ್ರವರಿಯಲ್ಲಿ ಏಳನೆಯ ಬೋರು ಹಾಕಿಸಿದ. 1,380 ಅಡಿಗೆ ಬಿಳಿಯ ಧೂಳು ಬಂತೆಂದು ನಾದಿನಿ ಗುಟ್ಟಾಗಿ ಫೋನು ಮಾಡಿ ಅತ್ತಳು. ಆ ವರ್ಷ ಗೌರಿಹಬ್ಬಕ್ಕೆ ತವರಿನ ಬಾಗಿನ ಬರಲಿಲ್ಲ. ಮದುವೆಯಾದ ಮೇಲೆ ಒಂದು ವರ್ಷವೂ ತಪ್ಪಿರಲಿಲ್ಲ. ಮೊರ ಮುಚ್ಚಿದ ಮೊರ, ಒಳಗೆ ಐವತ್ತು ರೂಪಾಯಿಯ ರವಿಕೆ ಬಟ್ಟೆ, ಒಂದು ಹಿಡಿ ಬೇಳೆ, ಒಂದು ಅಚ್ಚು ಬೆಲ್ಲ. ಅದರ ಬೆಲೆ ಏನೆಂದು ಬಾರದೆ ಇದ್ದ ವರ್ಷ ಗೊತ್ತಾಗುತ್ತದೆ. ಅರ್ಧ ರಾತ್ರಿ ಎದ್ದು ಕೂತು, ಮೂರು ಲಕ್ಷ ಕೊಟ್ಟುಬಿಟ್ಟಿದ್ದರೆ ಏನು ಹೋಗುತ್ತಿತ್ತು ಎಂದುಕೊಂಡದ್ದುಂಟು. ಮಾಡಿದ್ದು ಸರಿ ಎಂಬ ಧೈರ್ಯ ಬೆಳಿಗ್ಗೆ ಇದ್ದಷ್ಟು ರಾತ್ರಿ ಇರುತ್ತಿರಲಿಲ್ಲ.

2020ರಲ್ಲಿ ಕೊರೋನಾ ಬಂದು ಬೆಂಗಳೂರಿಗೆ ದುಡಿಯಲು ಹೋಗಿದ್ದ ಹುಡುಗರೆಲ್ಲ ಊರಿಗೆ ವಾಪಸಾದರು. ಉದ್ಯೋಗ ಖಾತ್ರಿಯಲ್ಲಿ ಕೆರೆಯ ಹೂಳು ತೆಗೆಯುವ ಕೆಲಸ ಹಿಡಿದರಂತೆ. ಮುಚ್ಚಿಹೋಗಿದ್ದ ರಾಜಕಾಲುವೆ ಎಲ್ಲಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಜಾಲಿಯ ನಡುವೆ ನಡೆದು ಹೋಗಿ "ಇಲ್ಲಿಂದ ಇಲ್ಲಿಗೆ" ಎಂದು ಗೆರೆ ಎಳೆದು ತೋರಿಸಿದ್ದು ಆ ನೀರುಗಂಟಿಯವರ ಮಗ. ಸಣ್ಣವರಿದ್ದಾಗ ಅಪ್ಪನ ಹಿಂದೆ ನಡೆದು ನಡೆದು ಅವರ ಕಾಲಿಗೆ ಅದು ನೆನಪಿತ್ತು.

2021ರ ನವೆಂಬರಿನಲ್ಲಿ ನಮ್ಮ ಜಿಲ್ಲೆ ಎಷ್ಟೋ ವರ್ಷಗಳಿಂದ ಕಾಣದ ಮಳೆ ಕಂಡಿತು. ಒಂದು ರಾತ್ರಿ ಹನ್ನೊಂದಕ್ಕೆ ಫೋನು. ಮೂರು ವರ್ಷದಿಂದ ಕೇಳದ ದನಿ. "ಅಕ್ಕಾ, ಕೋಡಿ ಬಿತ್ತು" ಎಂದ. ಇನ್ನೇನೂ ಹೇಳಲಿಲ್ಲ. ಹಿನ್ನೆಲೆಯಲ್ಲಿ ನೀರಿನ ಸದ್ದು ಕೇಳುತ್ತಿತ್ತು. ಫೋನನ್ನು ಅವನು ಕೋಡಿಯ ಕಡೆಗೆ ಹಿಡಿದಿದ್ದನೆಂದು ಆಮೇಲೆ ತಿಳಿಯಿತು.

ಊರ ಹೆಂಗಸರೆಲ್ಲ ಕೆರೆಗೆ ಬಾಗಿನ ಕೊಡುವ ದಿನ ನಾನೂ ಹೋದೆ. ಪೂಜೆ ಮುಗಿಸಿ, ಹೋಗಿಬರುತ್ತೇನೆಂದು ತಮ್ಮನಿಗೆ ಹೇಳಿ, ಕೇರಿಯಲ್ಲಿದ್ದ ನೀರುಗಂಟಿಯವರ ಮಗನ ಮನೆ ಹುಡುಕಿಕೊಂಡು ನಡೆದೆ. ತಮ್ಮ ಬೈಕಿನಲ್ಲಿ ಹಿಂದೆಯೇ ಬಂದ. ಆದರೆ ಒಳಗೆ ಬರಲಿಲ್ಲ, ಬೀದಿಯಲ್ಲೇ ನಿಂತ. ಆ ಮನೆಯಾಕೆ ಕುರ್ಚಿ ಹಾಕಿ, ಗಾಬರಿಯಿಂದ ಮಗನನ್ನು ಕೂಗಿ ಅಂಗಡಿಯಿಂದ ತಣ್ಣನೆಯ ಬಾಟಲಿ ತರಲು ಕಳಿಸಹೊರಟರು. "ಬೇಡಮ್ಮಾ, ಒಂದು ಲೋಟ ನೀರು ಕೊಡಿ ಸಾಕು" ಎಂದೆ. ಆಕೆ ಗಂಡನ ಮುಖ ನೋಡಿದರು. ನನ್ನ ಕಡೆ ನೋಡಿದರು. ಒಳಗೆ ಹೋಗಿ ಲೋಟವನ್ನು ಎರಡು ಸಲ ತೊಳೆದ ಸದ್ದು ಕೇಳಿಸಿತು. ಕುಡಿದೆ. ಐವತ್ತಮೂರನೆಯ ವಯಸ್ಸಿನಲ್ಲಿ ಒಂದು ಲೋಟ ನೀರು ಕುಡಿದದ್ದನ್ನು ದೊಡ್ಡ ಕೆಲಸವೆಂದು ಹೇಳಿಕೊಳ್ಳಲು ನನಗೆ ನಾಚಿಕೆ. ಹೇಳದೆ ಇದ್ದರೆ ಇನ್ನೂ ನಾಚಿಕೆ.

ಮರುವರ್ಷ ಬಾಗಿನ ಬಂತು. ತಮ್ಮನೇ ತಂದ. ಬೋರಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. 2023ರ ನವೆಂಬರಿನಲ್ಲಿ ಯರಗೋಳ್ ಅಣೆಕಟ್ಟೆಯ ನೀರಿನ ಯೋಜನೆ ಉದ್ಘಾಟನೆಯಾದ ಮೇಲೆ ಕೋಲಾರದವರ ಸಂಪುಗಳಿಗೂ ಒಂದಿಷ್ಟು ಭರವಸೆ ಬಂದಿದೆ. ಜಪಾನಮ್ಮ ಪ್ರತಿ ನವೆಂಬರಿನಲ್ಲೂ ಮಗಳ ಮೂಲಕ ಒಂದು ಚಿತ್ರ ಕಳಿಸುತ್ತಾಳೆ: ಹಬೆಯ ನಡುವೆ ಸೊಪ್ಪು ತೊಳೆಯುತ್ತಾ ಕೂತ ಹೆಂಗಸರು. ಅವರಲ್ಲಿ ಯಾರು ಅವಳಮ್ಮ, ಯಾರು ನೆರೆಮನೆಯವರು ಎಂದು ನನಗೆ ಇವತ್ತಿಗೂ ಗುರುತು ಸಿಕ್ಕುವುದಿಲ್ಲ. ಅತ್ತೆ ಇದ್ದಿದ್ದರೆ, ಇವರೆಲ್ಲ ಜಗಳ ಆಡೋದು ಹೆಂಗಮ್ಮಾ ಎಂದು ಇನ್ನೊಮ್ಮೆ ಕೇಳುತ್ತಿದ್ದರು.

ನೀರು ತುಂಬುವ ಹಬ್ಬದ ದಿನ ಹಂಡೆಯನ್ನು ಈಗಲೂ ನಾನೇ ಉಜ್ಜುತ್ತೇನೆ. ಬೆಳಗಿನ ಜಾವ ಎಲ್ಲರದೂ ಎಣ್ಣೆಸ್ನಾನವಾದ ಮೇಲೆ ಕೊನೆಗೆ ನನ್ನ ಸರದಿ. ಹಂಡೆಯೊಳಗೆ ಚೊಂಬು ಇಳಿಸುವಾಗ, ಮುಂದೆ ಮಿಂದವರೆಲ್ಲ ನನಗೆಂದು ಬಿಟ್ಟುಹೋದ ನೀರು ಇನ್ನೂ ಬೆಚ್ಚಗಿರುತ್ತದೆ.